ತಪ್ಪು ಕಾಣಿಕೆ

ನಾನು ಮದುವೆಯಾಗಿ ಬೇಲೂರಿಗೆ ಬಂದ ಮೊದಲ ವರ್ಷಗಳಲ್ಲಿ ಚಿಲ್ಲರೆಗೆ ಬರ ಬಂದಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬಸ್ಸಿನಲ್ಲಿ ಕಂಡಕ್ಟರು ಟಿಕೇಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು. ಇಳಿಯುವಾಗ ಕೇಳಿದರೆ ಗುರುತಿಲ್ಲದ ಇಬ್ಬರು ಮೂವರನ್ನು ಜೊತೆ ಮಾಡಿ ಒಂದು ನೋಟು ಕೊಟ್ಟು, "ನೀವು ನೀವೇ ಹಂಚ್ಕೊಳ್ಳಿ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಹೋಟೆಲಿನವರು ಕಾಫಿಯ ಲೋಟ ಮುಂದಿಡುವ ಮೊದಲೇ "ಚಿಲ್ಲರೆ ಐತಾ?" ಎನ್ನುತ್ತಿದ್ದರು.

ನಮ್ಮದು ದಿನಸಿ ಅಂಗಡಿ. ಬಸ್ ನಿಲ್ದಾಣದಿಂದ ದೇವಸ್ಥಾನದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಅಡ್ಡ ಬೀದಿ, ಅದರ ತಿರುವಿನಲ್ಲೇ ಅಂಗಡಿ, ಅಂಗಡಿಯ ಹಿಂದೆ ಮನೆ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅತ್ತೆ, ನಮ್ಮವರು, ನಾನು, ಮೂವರೇ. ಬೆಲ್ಲ, ಬೇಳೆ, ಊದುಬತ್ತಿ, ತೆಂಗಿನಕಾಯಿ, ಸೀಮೆಎಣ್ಣೆ ದೀಪದ ಬತ್ತಿ, ಹೀಗೆ ಎಲ್ಲವೂ ಸಣ್ಣ ಸಣ್ಣ ವ್ಯಾಪಾರ. ಸಣ್ಣ ವ್ಯಾಪಾರಕ್ಕೆ ಚಿಲ್ಲರೆಯೇ ಜೀವ. ಅದಿಲ್ಲದೆ ನಮ್ಮವರು ಒಂದು ದೊಡ್ಡ ಗಾಜಿನ ಭರಣಿಯ ತುಂಬ ಪೆಪ್ಪರ್‌ಮೆಂಟು ತಂದಿಟ್ಟಿದ್ದರು. ಎಂಟಾಣೆ ಬಾಕಿ ಉಳಿದರೆ ಒಂದು ಪೆಪ್ಪರ್‌ಮೆಂಟು, ರೂಪಾಯಿ ಉಳಿದರೆ ಎರಡು. ಮಕ್ಕಳು ಕುಣಿಯುತ್ತಿದ್ದವು. ದೊಡ್ಡವರು ಮುಖ ಗಂಟಿಕ್ಕಿಕೊಂಡು ತೆಗೆದುಕೊಳ್ಳುತ್ತಿದ್ದರು. ಒಬ್ಬರು ಮುದುಕರು ಪೆಪ್ಪರ್‌ಮೆಂಟನ್ನು ವಾಪಸ್ ಮೇಜಿನ ಮೇಲೆ ಇಟ್ಟು, "ನಂಗೆ ಸಕ್ಕರೆ ಕಾಯಿಲೆ ಕಣಪ್ಪ, ಇದನ್ನ ನೀನೇ ತಿನ್ನು" ಎಂದು ಹೋಗಿದ್ದರು.

ನಾನು ಈ ಹೊತ್ತಿನಲ್ಲೇ ನಾಣ್ಯದ ಬಿಲ್ಲೆಗಳನ್ನು ಕೂಡಿಡುತ್ತಿದ್ದೆ.

ಅದು ತವರಿನಿಂದ ಬಂದ ಗೀಳು. ಅಪ್ಪಾಜಿ ಅರಸೀಕೆರೆ ರೈಲ್ವೆ ನಿಲ್ದಾಣದಲ್ಲಿ ಟಿಕೇಟು ಕೊಡುವ ಗುಮಾಸ್ತರಾಗಿದ್ದರು. ಅವರ ಕಿಟಕಿಯ ತಗ್ಗಿನಲ್ಲಿ ದಿನವೆಲ್ಲ ನಾಣ್ಯ ಜಾರಿ ಬೀಳುತ್ತಿದ್ದವು. ವಿಚಿತ್ರವಾದದ್ದು ಕಂಡರೆ ತಮ್ಮ ಜೇಬಿನಿಂದ ಅಷ್ಟೇ ಬೆಲೆಯ ಬೇರೆ ಬಿಲ್ಲೆ ಹಾಕಿ ಅದನ್ನು ಮನೆಗೆ ತರುತ್ತಿದ್ದರು. ಸಂಜೆ ಜಗಲಿಯ ಮೇಲೆ ಕೂತು ನಾವಿಬ್ಬರೂ ಅವನ್ನು ನೋಡುತ್ತಿದ್ದೆವು. ಇಸವಿಯ ಕೆಳಗೆ ಸಣ್ಣದೊಂದು ನಕ್ಷತ್ರ ಇದ್ದರೆ ಅದು ಹೈದರಾಬಾದಿನ ಟಂಕಸಾಲೆಯದು, ವಜ್ರದಾಕಾರದ ಗುರುತಿದ್ದರೆ ಬೊಂಬಾಯಿಯದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು ಎಂದು ನನಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿತ್ತು. ಬರೀ ಚುಕ್ಕಿ ಇರುವ ನೋಯ್ಡಾದವು ನಾನು ದೊಡ್ಡವಳಾದ ಮೇಲೆ ಬಂದವು. ಅದಕ್ಕಿಂತ ನನಗೆ ಇಷ್ಟವಾಗಿದ್ದು ತಪ್ಪಾಗಿ ಅಚ್ಚಾದವು. ಅಚ್ಚು ಒಂದು ಪಕ್ಕಕ್ಕೆ ಜಾರಿ ಅರ್ಧ ಚಂದ್ರನಂತೆ ಖಾಲಿ ಉಳಿದದ್ದು, ಅಂಚನ್ನು ಯಾರೋ ಕಚ್ಚಿ ತಿಂದಂತೆ ಇದ್ದದ್ದು, ಒಂದು ಮುಖ ನೆಟ್ಟಗಿದ್ದರೆ ಇನ್ನೊಂದು ಮುಖ ವಾರೆಯಾಗಿ ನಿಂತದ್ದು. ಲಕ್ಷಗಟ್ಟಲೆ ಒಂದೇ ಥರದವು ಹೊರಬರುವ ಜಾಗದಲ್ಲಿ ಇವು ಹೇಗೋ ಕಣ್ಣು ತಪ್ಪಿಸಿ ಬಂದುಬಿಟ್ಟಿವೆಯಲ್ಲ ಎಂದು ನನಗೆ ಸಂತೋಷ.

ನಾನು ಗಂಡನ ಮನೆಗೆ ಹೊರಟ ದಿನ ಅಪ್ಪಾಜಿ ಬಸ್ಸಿನ ಹತ್ತಿರ ಬಂದು ಒಂದು ಬೆಂಕಿಪೊಟ್ಟಣ ನನ್ನ ಕೈಗಿಟ್ಟರು. ಒಳಗೆ ಹತ್ತಿಯ ಮೇಲೆ ಒಂದು ರೂಪಾಯಿಯ ಬಿಲ್ಲೆ. ಅದರ ಒಂದು ಮುಖದಲ್ಲಿ ಎಲ್ಲ ನಾಣ್ಯದ ಹಾಗೆ ಸಿಂಹದ ಲಾಂಛನ. ತಿರುಗಿಸಿದರೆ ಅಲ್ಲೂ ಅದೇ ಸಿಂಹ, ಆದರೆ ಒಳಕ್ಕೆ ಇಳಿದದ್ದು, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾದದ್ದು. ಮೊದಲು ಹೊಡೆದ ಬಿಲ್ಲೆ ಅಚ್ಚಿಗೇ ಅಂಟಿಕೊಂಡು, ಅದರ ಮೇಲೆ ಇನ್ನೊಂದು ಬಂದು ಕೂತು ಪೆಟ್ಟು ಬಿದ್ದರೆ ಹೀಗಾಗುತ್ತದೆ ಎಂದು ಅವರು ಹಿಂದೊಮ್ಮೆ ಹೇಳಿದ್ದರು. ಅವರ ಹತ್ತಿರ ಇದ್ದವುಗಳಲ್ಲಿ ಅದೇ ಮೇಲು. "ಅಲ್ಲಿ ಗಲ್ಲಾಪೆಟ್ಟಿಗೆ ಇದೆಯಂತೆ. ನೋಡ್ತಾ ಇರು" ಎಂದಷ್ಟೇ ಹೇಳಿ ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದರು.

ನಾನು ನೋಡುತ್ತಲೇ ಇದ್ದೆ. ಮಧ್ಯಾಹ್ನ ನಮ್ಮವರು ಊಟಕ್ಕೆ ಒಳಗೆ ಬಂದಾಗ ಅಂಗಡಿಯಲ್ಲಿ ಕೂರುವುದು ನನ್ನ ಕೆಲಸ. ಗಿರಾಕಿ ಇಲ್ಲದ ಹೊತ್ತಲ್ಲಿ ಗಲ್ಲಾದ ಬಿಲ್ಲೆಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದೆ. ಬೇಕಾದದ್ದು ಸಿಕ್ಕರೆ ಗಲ್ಲಾದಲ್ಲೇ ಒಂದು ಮೂಲೆಗೆ ಎತ್ತಿಟ್ಟು, ಹತ್ತು ರೂಪಾಯಿಯಷ್ಟು ಸೇರಿದ ಕೂಡಲೇ ನನ್ನ ಪರ್ಸಿನಿಂದ ಒಂದು ನೋಟು ಗಲ್ಲಾಕ್ಕೆ ಹಾಕುತ್ತಿದ್ದೆ. ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಹಾಗಾಗಿ ಇದರಲ್ಲಿ ತಪ್ಪೇನೂ ಇಲ್ಲವೆಂದೇ ನಾನು ನಂಬಿದ್ದೆ. ನಕ್ಷತ್ರದವು, ವಜ್ರದವು, ಚುಕ್ಕಿಯವು, ಜಾರಿದವು ಎಂದು ಬೇರೆ ಬೇರೆ ಖಾಲಿ ಬೆಂಕಿಪೊಟ್ಟಣಗಳಲ್ಲಿ ತುಂಬಿ, ಅವನ್ನು ಒಂದು ಹಾಲಿನಪುಡಿ ಡಬ್ಬದಲ್ಲಿಟ್ಟು, ಅಕ್ಕಿ ಮೂಟೆಗಳ ಮೇಲಿನ ಹಲಗೆಗೆ ಏರಿಸಿದ್ದೆ. ಒಂದು ಡಬ್ಬ ಸಾಲದೆ ಎರಡಾಗಿದ್ದವು. ನಮ್ಮವರಿಗೆ ನಾನು ಏನೋ ನಾಣ್ಯ ನೋಡುತ್ತೇನೆಂದು ಗೊತ್ತಿತ್ತು. ಎಷ್ಟಿವೆ ಎಂದು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಒಂದು ದಿನ ನಮ್ಮ ಸಂಬಂಧಿಕರ ಮಗುವಿನ ನಾಮಕರಣಕ್ಕೆಂದು ಅರಸೀಕೆರೆಗೆ ಹೋಗಿದ್ದೆ. ನಮ್ಮವರು ಸಾಮಾನು ತರಲು ಹಾಸನಕ್ಕೆ ಹೋಗಿದ್ದರು. ಅಂಗಡಿಯಲ್ಲಿ ಅತ್ತೆ ಒಬ್ಬರೇ. ಸಂಜೆ ಜಾವಗಲ್ಲು, ಹಳೇಬೀಡಿನ ಮೇಲೆ ಬರುವ ಬಸ್ಸು ಹಿಡಿದು ನಾನು ವಾಪಸ್ ಬಂದಾಗ ಅವರು ಅಂಗಡಿಯ ಮೆಟ್ಟಿಲ ಮೇಲೇ ನಿಂತಿದ್ದರು. ಮುಖ ಅರಳಿತ್ತು.

"ಇವತ್ತು ಒಬ್ರಿಗೂ ಪೆಪ್ಪರ್‌ಮೆಂಟು ಕೊಡ್ಲಿಲ್ಲ ಕಣವ್ವ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಬೆಳಿಗ್ಗೆ ದೇವರ ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕಿದ್ದಾರೆ. ಹಲಗೆಯ ಮೇಲೆ ಡಬ್ಬ, ಡಬ್ಬದ ತುಂಬ ಪೊಟ್ಟಣ. ತೆಗೆದರೆ ಕಡ್ಡಿಯ ಬದಲು ಕಾಸು. "ನಾನು ಏನೋ ಅಂದ್ಕೊಂಡಿದ್ದೆ ನಿನ್ನ. ಎಂಥಾ ಜಾಣೆ ಕಣೇ ನೀನು. ಕಷ್ಟಕಾಲಕ್ಕೆ ಅಂತ ಯಾರ್ಗೂ ಹೇಳ್ದಂಗೆ ಕೂಡಾಕಿದೀಯಲ್ಲ. ಸಂತೆ ದಿನ ಬ್ಯಾರೆ, ಜನವೋ ಜನ. ಒಬ್ರ ಹತ್ರಾನೂ ಮಾತು ಕೇಳ್ದಂಗೆ ಕಳಿಸ್ದೆ."

ಅವರು ನನ್ನನ್ನು ಹಾಗೆ ಹೊಗಳಿದ್ದು ಅದೇ ಮೊದಲು. ಅವರ ಕೈ ನನ್ನ ಭುಜದ ಮೇಲಿತ್ತು. ನಾನು ಒಳಗೆ ಓಡಿದೆ. ಒಂದು ಡಬ್ಬ ಪೂರ್ತಿ ಬರಿದಾಗಿತ್ತು, ಇನ್ನೊಂದರಲ್ಲಿ ಅರ್ಧ ಉಳಿದಿತ್ತು. ಖಾಲಿ ಪೊಟ್ಟಣಗಳನ್ನು ಅತ್ತೆ ಅಚ್ಚುಕಟ್ಟಾಗಿ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಅಪ್ಪಾಜಿಯ ಪೊಟ್ಟಣಕ್ಕೆ ನಾನು ಕೆಂಪು ದಾರ ಸುತ್ತಿದ್ದೆ. ಆ ದಾರ ಪಕ್ಕದಲ್ಲಿ ಬಿದ್ದಿತ್ತು.

ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ. ಮೂವತ್ತು ಹತ್ತಿರವಾಗುತ್ತಿದ್ದ ಹೆಂಗಸು, ಬಿಲ್ಲೆಗಳಿಗೋಸ್ಕರ. ಅತ್ತೆ ಹೆದರಿ ನೀರು ತಂದರು. ಆಗ ಹೇಳಲೇಬೇಕಾಯಿತು. ನಕ್ಷತ್ರ, ವಜ್ರ, ಜಾರಿದ ಅಚ್ಚು, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಕಿವಿಗೇ ಅದು ಚಿಕ್ಕ ಮಗುವಿನ ಮಾತಿನಂತೆ ಕೇಳತೊಡಗಿತು. ಕೊನೆಗೆ ಅತ್ತೆ, "ಅಂಗಾರೆ ಇವು ಅಂಗಡಿಗೆ ಅಂತ ಇಟ್ಟಿದ್ದಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಅಲ್ಲ ಅತ್ತೆ."

ಹಾಸನದಿಂದ ಬಂದ ನಮ್ಮವರು ಬಾಗಿಲಲ್ಲಿ ಚೀಲ ಹಿಡಿದುಕೊಂಡೇ ನಿಂತು ಇದನ್ನು ಕೇಳಿಸಿಕೊಂಡಿದ್ದರು. ಅವರು ಸಿಟ್ಟಾಗಲಿಲ್ಲ. ಚೀಲ ಕೆಳಗಿಟ್ಟು, "ಎರಡು ಡಬ್ಬಾನಾ?" ಎಂದರು. ಆಮೇಲೆ, "ದಿನಾ ಬೆಳಿಗ್ಗೆ ನಾನು ಎಲ್ಲಿಗೆ ಹೋಗ್ತೀನಿ ಗೊತ್ತಾ? ದೇವಸ್ಥಾನದ ಮುಂದೆ ಕೂತಿರ್ತಾರಲ್ಲ ಭಿಕ್ಷೆಯವರು, ಅವರ ಹತ್ರ. ನೂರರ ನೋಟು ಕೊಟ್ಟರೆ ತೊಂಬತ್ತು ರೂಪಾಯಿ ಚಿಲ್ಲರೆ ಕೊಡ್ತಾರೆ. ಅದೂ ಒಂದೊಂದು ದಿನ ನಾಳೆ ಬಾ ಅಂತಾರೆ. ನಾಳೆ ಬಾ ಅಂದ್ರೆ ನಾಳೆ ಹೋಗ್ತೀನಿ" ಎಂದರು.

ನನಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ವಾಕಿಂಗಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಭಿಕ್ಷೆಯವರ ಮುಂದೆ ನಮ್ಮವರು ಕುಕ್ಕರಗಾಲಿನಲ್ಲಿ ಕೂತು ಚಿಲ್ಲರೆ ಕೇಳುವುದು ಕಣ್ಣಿಗೆ ಕಟ್ಟಿತು. ಅವರು ಹಾಗೆ ಕೂತಿರುವಾಗ ಅವರ ಮನೆಯ ಹಲಗೆಯ ಮೇಲೆ ಎರಡು ಡಬ್ಬ ಇದ್ದವು. ಆ ಸಂಜೆ ನಾನು ಅವರಿಗೆ ಊಟ ಬಡಿಸುವಾಗ ತಲೆ ಎತ್ತಲಿಲ್ಲ.

ಅಷ್ಟು ನಾಚಿಕೆಯಾದ ಮೇಲೂ ಮಾರನೆಯ ದಿನ ನಾನು ಸುಮ್ಮನಿರಲಿಲ್ಲ ಎನ್ನುವುದೇ ನನಗೆ ಈಗಲೂ ಸೋಜಿಗ. ಉಳಿದವು ಹೋಗಲಿ, ಅಪ್ಪಾಜಿಯ ಬಿಲ್ಲೆ ಒಂದು ಸಿಕ್ಕರೆ ಸಾಕು ಎಂದೆ. ಅತ್ತೆಗೂ ತಾವು ಮಾಡಿದ ಕೆಲಸಕ್ಕೆ ಸಂಕಟವಾಗಿತ್ತು. "ಯಾರ್ಯಾರು ಬಂದ್ರು ಅಂತ ನಂಗೆ ಗ್ಯಾಪ್ಕ ಐತೆ. ನಡಿ, ಕೇಳಾನ" ಎಂದು ಸೆರಗು ಹೊದ್ದು ಹೊರಟರು. ಅಂಗಡಿಯನ್ನು ನಮ್ಮವರು ನೋಡಿಕೊಂಡರು.

ಮೊದಲು ಹೋದದ್ದು ಎದುರು ಸಾಲಿನ ಮೇಷ್ಟ್ರ ಮನೆಗೆ. ಮೇಷ್ಟ್ರ ಹೆಂಡತಿ ನನಗೆ ಗೆಳತಿಯಂತೆಯೇ ಇದ್ದರು. ನಿನ್ನೆ ಕೊಟ್ಟ ಚಿಲ್ಲರೆ ಒಮ್ಮೆ ತೋರಿಸುತ್ತೀರಾ, ಬದಲಿಗೆ ಬೇರೆ ಕೊಡುತ್ತೇನೆ ಎಂದೆ. ಅವರು ಡಬ್ಬಿಯಿಂದ ಬಿಲ್ಲೆಗಳನ್ನು ತೆಗೆದು ಮಂಚದ ಮೇಲೆ ಹರಡಿದರು. ನಕ್ಷತ್ರದವು ನಾಲ್ಕೈದು ಇದ್ದವು, ಅಪ್ಪಾಜಿಯದು ಇರಲಿಲ್ಲ.

"ಯಾಕ್ರೀ, ಏನಾಗಿದೆ ಇವಕ್ಕೆ?" ಎಂದು ಅವರು ಕೇಳಿದರು.

"ಏನಿಲ್ಲ, ನಾನು ಸ್ವಲ್ಪ ಕೂಡಿಟ್ಟಿದ್ದೆ."

ಅವರು ನನ್ನನ್ನೇ ನೋಡಿದರು. "ಕೂಡಿಟ್ಟಿದ್ರಾ? ಮತ್ತೆ ನನ್ನ ಮಗಳು ಬಂದಾಗೆಲ್ಲ ಚಿಲ್ಲರೆ ಇಲ್ಲ ಅಂತ ಪೆಪ್ಪರ್‌ಮೆಂಟು ಕೊಟ್ಟು ಕಳಿಸ್ತಿದ್ರಲ್ಲ. ಅವಳ ಹಲ್ಲು ಹುಳುಕಾಗಿದೆ ಅಂತ ನಾನು ನಿಮಗೆ ಹೇಳಿದ್ದೆ."

ಹೌದು, ಹೇಳಿದ್ದರು. ನಾನು ಆಗ ಅಯ್ಯೋ ಪಾಪ ಎಂದಿದ್ದೆ. ಈಗ ತಲೆ ತಗ್ಗಿಸಿ ಮಂಚದ ಮೇಲಿನ ಬಿಲ್ಲೆಗಳನ್ನು ನೋಡುತ್ತಾ ನಿಂತೆ. ಆಗ ಅತ್ತೆ ನನ್ನ ಹಿಂದಿನಿಂದ ಹೇಳಿದರು.

"ಅದು ದೇವರ ಮುಡಿಪು ಕಣ್ರವ್ವ. ನಮ್ಮ ಹುಲಿಕೆರೆ ಈಶ್ವರಂಗೆ ಅಂತ ನನ್ನ ಸೊಸೆ ಹರಕೆ ಹೊತ್ಕೊಂಡು ಎತ್ತಿಟ್ಟಿದ್ಲು. ನಾನು ಗೊತ್ತಿಲ್ದೆ ಅಂಗಡಿಗೆ ಹಾಕ್ಬುಟ್ಟೆ. ತಪ್ಪು ನಂದು."

ಮೇಷ್ಟ್ರ ಹೆಂಡತಿಯ ಮುಖ ಆ ಕ್ಷಣವೇ ಬದಲಾಯಿತು. "ಅಯ್ಯೋ, ಮೊದಲೇ ಹೇಳಬಾರದಾ" ಎಂದು ಬಿಲ್ಲೆಗಳನ್ನೆಲ್ಲ ಬಾಚಿ, ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಹಾಕಿದರು. ಬದಲಿಗೆ ಕೊಟ್ಟ ನೋಟನ್ನು ಮುಟ್ಟಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಹರಕೆ ಏನಿರಬಹುದೆಂದು ಅವರು ತಾವೇ ಊಹಿಸಿಕೊಂಡರು. ನನ್ನ ಕೆನ್ನೆ ಸವರಿ, "ಆಗುತ್ತೆ ಬಿಡಿ, ಎಲ್ಲ ಒಳ್ಳೇದಾಗುತ್ತೆ" ಎಂದರು.

ಹೊರಗೆ ಬಂದು ನಾನು ಅತ್ತೆಯನ್ನು ಕೇಳಿದೆ, "ಯಾಕೆ ಹಾಗಂದ್ರಿ?"

"ಮತ್ತೇನ್ ಅನ್ಲಿ? ನಿನ್ನ ಮಕ ನೋಡಕ್ಕಾಗ್ಲಿಲ್ಲ ನಂಗೆ" ಎಂದರು ಅವರು.

ಆಮೇಲೆ ನಾವು ಹೋಗುವ ಮೊದಲೇ ಸುದ್ದಿ ಹೋಗುತ್ತಿತ್ತು. ಹೂವಿನವರು, ಟೈಲರು, ಹಿಟ್ಟಿನ ಗಿರಣಿಯವರು, ಎಲ್ಲರೂ ನಿನ್ನೆ ತಂದ ಬಿಲ್ಲೆಗಳನ್ನು ಹುಡುಕಿ ಹುಡುಕಿ ಕೊಟ್ಟರು. ಕೆಲವರು ಯಾವುದು ನಿಮ್ಮದೋ ಗೊತ್ತಿಲ್ಲವೆಂದು ಮನೆಯಲ್ಲಿದ್ದ ಚಿಲ್ಲರೆಯನ್ನೆಲ್ಲ ಕೊಟ್ಟರು. ಚಿಲ್ಲರೆಗೆ ಬಡಿದಾಡುತ್ತಿದ್ದ ಕಾಲ ಅದು. ಹೂವಿನವಳು ಒಂದು ಮೊಳ ಮಲ್ಲಿಗೆಯನ್ನೂ ಅದರ ಮೇಲಿಟ್ಟಳು. ನಾನು ಒಂದು ಕಡೆಯೂ ಬೇಡ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಬೇಡವೆಂದು ಹೇಳಬೇಕಾಗುತ್ತಿತ್ತು. ಕೈಯಲ್ಲಿದ್ದ ಡಬ್ಬ ತುಂಬುತ್ತಾ ಬಂತು.

ಅಪ್ಪಾಜಿಯ ಬಿಲ್ಲೆ ಮಾತ್ರ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ನೆನಪಾಯಿತು. ದಾರ ಸುತ್ತಿದ ಪೊಟ್ಟಣವನ್ನು ಅವರು ಬಿಚ್ಚಿದ್ದು ಅರೇಹಳ್ಳಿ ಕಡೆಯ ಹೆಂಗಸಿಗೆ ಚಿಲ್ಲರೆ ಕೊಡುವಾಗ. ಅವರು ಕಾಫಿ ತೋಟದಲ್ಲಿ ಕೆಲಸ ಮಾಡುವವರು, ನನಗಿಂತ ಹತ್ತು ಹದಿನೈದು ವರ್ಷಕ್ಕೆ ದೊಡ್ಡವರು. ಸಂತೆಯ ದಿನ ಬಂದು ವಾರಕ್ಕಾಗುವ ಸಾಮಾನು ನಮ್ಮಲ್ಲೇ ಕಟ್ಟಿಸಿಕೊಳ್ಳುತ್ತಿದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಅವಸರದಲ್ಲಿದ್ದರಂತೆ.

ಅತ್ತೆಯೂ ನಾನೂ ಅರೇಹಳ್ಳಿ ಬಸ್ಸು ಹತ್ತಿದೆವು. ಇಳಿದು ಅವರಿವರನ್ನು ಕೇಳಿಕೊಂಡು ಹೋಗಿ, ಅವರು ಕೆಲಸದಿಂದ ಬರುವ ತನಕ ಅವರ ಮನೆಯ ಮುಂದೆ ಕಾದೆವು. ಅವರು ಬಂದರು, ನಮ್ಮನ್ನು ನೋಡಿದರು. ನೆಟ್ಟಗೆ ಒಳಗೆ ಹೋಗಿ, ಗೂಡಿನಲ್ಲಿದ್ದ ಬಿಲ್ಲೆ ತಂದು ಅತ್ತೆಯ ಮುಂದೆ ಜಗಲಿಯ ಮೇಲೆ ಇಟ್ಟರು. ಅಪ್ಪಾಜಿಯದೇ.

"ತಗೊಳ್ಳಿ ನಿಮ್ಮ ಖೋಟಾ ದುಡ್ಡು. ವಾರ ಕಳೀಲಿ, ನಾನೇ ಬಂದು ನಿಮ್ಮ ಅಂಗ್ಡೀಲಿ ಬಿಸಾಕಾನ ಅಂತಿದ್ದೆ."

ಆಮೇಲೆ ಹೇಳಿದರು. ನಿನ್ನೆ ಬಸ್ಸಿನಲ್ಲಿ ಟಿಕೇಟಿಗೆ ಅದನ್ನೂ ಸೇರಿಸಿ ಕೊಟ್ಟಿದ್ದಾರೆ. ಕಂಡಕ್ಟರು ತಿರುಗಿಸಿ ನೋಡಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಏನಮ್ಮಾ, ಎರಡು ಕಡೆಗೂ ಸಿಂಹ, ಒಂದು ಕಡೆ ಹಳ್ಳ. ಮನೇಲೇ ಅಚ್ಚು ಹಾಕ್ತೀಯಾ?" ಎಂದಿದ್ದಾನೆ. ಬಸ್ಸೆಲ್ಲ ನಕ್ಕಿದೆ. ಒಬ್ಬರು ಅದನ್ನು ಕೈಗೆ ತೆಗೆದುಕೊಂಡು ಕಚ್ಚಿ ನೋಡಿ, ಇದು ನಿಜವಾಗಿಯೂ ಖೋಟಾ, ಪೊಲೀಸಿಗೆ ಕೊಡಬೇಕು ಎಂದಿದ್ದಾರೆ. ಈ ಹೆಂಗಸಿನ ಹತ್ತಿರ ಬೇರೆ ಚಿಲ್ಲರೆ ಇರಲಿಲ್ಲ. ಕೊನೆಗೆ ಹಿಂದೆ ಕೂತಿದ್ದ ಯಾರೋ ಗುರುತಿಲ್ಲದವರು ಆ ರೂಪಾಯಿ ಕೊಟ್ಟರಂತೆ.

"ನಮ್ಮ ತೋಟದೋರೇ ಆರು ಜನ ಇದ್ರು ಬಸ್ಸಲ್ಲಿ. ಬೆಳಿಗ್ಗೆಯಿಂದ ಕೆಲಸದ ಹತ್ರ ನನ್ನ ಸಿಂಹದಮ್ಮ ಅಂತಾವ್ರೆ" ಎಂದರು.

ನಾನು ಬಾಯಿ ತೆರೆಯಬೇಕಾಗಿತ್ತು. ಇದು ಖೋಟಾ ಅಲ್ಲ, ಸರ್ಕಾರದ ಟಂಕಸಾಲೆಯಲ್ಲೇ ಅಚ್ಚಾದದ್ದು, ತಪ್ಪು ಅಲ್ಲಿಯದು, ನಿಮ್ಮದಲ್ಲ, ನಾನು ಇದನ್ನು ಆಸೆಪಟ್ಟು ಇಟ್ಟುಕೊಂಡಿದ್ದೆ ಎನ್ನಬೇಕಾಗಿತ್ತು. ಅಷ್ಟು ಮಾತು ನನಗೆ ಬರುತ್ತಿತ್ತು. ಆದರೆ ಅತ್ತೆ ಅಷ್ಟರಲ್ಲಿ ಬೆಳಿಗ್ಗೆಯಿಂದ ಹೇಳಿ ಹೇಳಿ ರೂಢಿಯಾಗಿದ್ದ ಮಾತನ್ನು ಹೇಳಿಬಿಟ್ಟಿದ್ದರು. "ಖೋಟಾ ಅಲ್ಲ ತಾಯಿ. ಅದು ದೇವರ ಮುಡಿಪು, ನನ್ನ ಸೊಸೆ ಹೊತ್ತ ಹರಕೆ."

ಆ ಹೆಂಗಸಿನ ಕೈ ಎರಡೂ ಗಲ್ಲಕ್ಕೆ ಹೋದವು. "ದೇವರ ಕಾಸಾ? ನಾನು ರಾತ್ರಿಯೆಲ್ಲ ಬಾಯಿಗ್ ಬಂದಂಗೆ ಬೈದೆನಲ್ಲಪ್ಪ" ಎಂದರು. ಒಳಗೆ ಹೋದರು. ಬರುವಾಗ ಅರಿಶಿನದ ನೀರಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಎರಡು ರೂಪಾಯಿಯ ಬಿಲ್ಲೆಯೊಂದನ್ನು ಕಟ್ಟಿ ತಂದಿದ್ದರು. ಜೊತೆಗೆ ಒಂದು ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಕರಿಮೆಣಸು. "ನನ್ನ ತಪ್ಪುಕಾಣಿಕೆ. ನಿಮ್ಮ ಮುಡಿಪಿನ ಜೊತೇಲೆ ಹಾಕ್ಬುಡಿ. ಮನೇಲಿ ಮಕ್ಕಳವೆ, ದೇವರಿಗೆ ಬೈದು ನಾನು ಸುಮ್ನಿರಕ್ಕಾಗಲ್ಲ" ಎಂದು ಕೈಮುಗಿದರು. ದೇವರಿಗೆ ತಪ್ಪಿ ನಡೆದವರು ಒಪ್ಪಿಸುವ ಕಾಣಿಕೆ ಅದು. ಅದನ್ನು ಅವರು ನನ್ನ ಸೆರಗಿಗೇ ಹಾಕಿದರು, ಹರಕೆ ನನ್ನದೆಂದು.

ನಾನು ತೆಗೆದುಕೊಂಡೆ. ಆ ಹೊತ್ತಿನ ನಾಚಿಕೆಯನ್ನು ನಾನು ಮರೆತಿಲ್ಲ. ನಿನ್ನೆ ಮನೆಯಲ್ಲಿ ಅತ್ತದ್ದು, ಮೇಷ್ಟ್ರ ಮನೆಯಲ್ಲಿ ತಲೆ ತಗ್ಗಿಸಿದ್ದು, ಎಲ್ಲ ನನ್ನ ಮರ್ಯಾದೆಯ ವಿಚಾರ. ಇದು ಹಾಗಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಬೇಲೂರು ಹತ್ತಿರವಾದಾಗ ಅತ್ತೆ, "ಇನ್ನು ಇವು ನಿನ್ನವಲ್ಲ ಕಣವ್ವ" ಎಂದರು.

"ಯಾವುದು?"

"ಎಲ್ಲಾವೂ. ಊರೆಲ್ಲ ದೇವರದು ಅಂದ್ಬುಟ್ಟೆ. ಜನ ಕಣ್ಣಿಗ್ ಒತ್ಕೊಂಡು ಕೊಟ್ರು. ಈಗ ಅದು ದೇವರದ್ದೇ. ಆಡಿದ ಬಾಯಿ ನಂದೇ, ಆದ್ರೆ ಅದ್ನ ವಾಪಸ್ ನುಂಗಕ್ಕಾಗಲ್ಲ."

ನಾನು ಆಗಲಿ ಎಂದೆ.

ಅತ್ತೆಯ ತವರು ಹುಲಿಕೆರೆ. ಮುಂದಿನ ಸೋಮವಾರ ಇಬ್ಬರೂ ಹಳೇಬೀಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದು ಆಟೋ ಹಿಡಿದೆವು. ಊರಿನ ಹಳೆಯ ಕೊಳದ ಮೆಟ್ಟಿಲಿಳಿದು ಕೈಕಾಲು ತೊಳೆದುಕೊಳ್ಳೋಣ ಎಂದರೆ ಅತ್ತೆಯ ಮಂಡಿ ಕೇಳಲಿಲ್ಲ. ನಾನೇ ಚೊಂಬಿನಲ್ಲಿ ನೀರು ತಂದುಕೊಟ್ಟೆ. ಅವರ ಮನೆದೇವರ ಗುಡಿ ಚಿಕ್ಕದು. ಹುಂಡಿ ಎಂದರೆ ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆ. ಪೂಜೆಯವರು ಮಂಗಳಾರತಿ ಎತ್ತಿ ಪ್ರಸಾದ ಕೊಟ್ಟು ಪಕ್ಕಕ್ಕೆ ಸರಿದರು.

ಮೊದಲು ಅರೇಹಳ್ಳಿಯವರ ಬಟ್ಟೆಗಂಟು ಹಾಕಿದೆ. ಮೆಣಸನ್ನು ದೇವರ ಮುಂದಿಟ್ಟೆ. ಆಮೇಲೆ ಬಿಲ್ಲೆಗಳು. ಪೆಟ್ಟಿಗೆಯ ಸೀಳು ಸಣ್ಣದಾಗಿತ್ತು, ಒಟ್ಟಿಗೆ ಸುರಿಯುವ ಹಾಗಿರಲಿಲ್ಲ. ಒಂದೊಂದಾಗಿ ಹಾಕಬೇಕು. ಹಾಕುವಾಗ ಬೆರಳಿಗೆ ಗೊತ್ತಾಗುತ್ತಿತ್ತು, ಇದು ಅಂಚು ಕಚ್ಚಿದ್ದು, ಇದು ಜಾರಿದ್ದು. ನಿಧಾನ ಮಾಡುತ್ತಿದ್ದೇನೆಂದು ಅತ್ತೆಗೆ ತಿಳಿಯಿತೋ ಏನೋ, ಹತ್ತಿರ ಬಂದು ತಮ್ಮ ಸೊಂಟದ ಚೀಲದಿಂದ ಮಡಿಸಿದ ನೂರರ ನೋಟು ತೆಗೆದರು.

"ನಿಮ್ಮಪ್ಪ ಕೊಟ್ಟಿದ್ದು ಒಂದು ಇಟ್ಕೊ. ಅದರ ಬದ್ಲು ದೇವರಿಗೆ ಇದ್ನ ಹಾಕ್ತೀನಿ. ಏನೂ ತಪ್ಪಾಗಲ್ಲ. ಮುಡಿಪಿನ ಸಾಮಾನನ್ನ ಜನ ಹಂಗೆ ಬಿಡಿಸ್ಕೊಂಡು ಹೋಗ್ತಾರೆ."

ಬಹಳ ಆಸೆಯಾಯಿತು. ಅತ್ತೆಯ ಆ ನೋಟು ಎಲೆಅಡಿಕೆಗೆಂದು ಅವರು ಉಳಿಸಿಕೊಂಡಿದ್ದು, ಅದು ನನಗೆ ಗೊತ್ತು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿದೆ. ನೋಡಿದರೆ ಅಪ್ಪಾಜಿಯ ಜಗಲಿ ಕಾಣಲಿಲ್ಲ. ಕಂಡಕ್ಟರು ಅದನ್ನು ಎತ್ತಿ ಹಿಡಿದದ್ದೇ ಕಂಡಿತು. "ಬೇಡ ಅತ್ತೆ" ಎಂದು ಅದನ್ನೂ ಹಾಕಿದೆ. ನಾನು ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡು ಅವರು ಕಣ್ಣೊರೆಸಿಕೊಂಡರು. ಅದೂ ನನಗೆ ಹಿತವಾಗಲಿಲ್ಲ.

ಅಪ್ಪಾಜಿಗೆ ತಿಳಿಸಲು ನನಗೆ ಎರಡು ತಿಂಗಳು ಹಿಡಿಯಿತು. ಹಬ್ಬಕ್ಕೆ ಅರಸೀಕೆರೆಗೆ ಹೋದಾಗ ಅವರೇ, "ಹೊಸದೇನಾದ್ರೂ ಸಿಕ್ತಾ?" ಎಂದು ಕೇಳಿದರು. ಎಲ್ಲ ಹೇಳಿದೆ. ಅತ್ತೆ ಚಿಲ್ಲರೆ ಕೊಟ್ಟದ್ದು, ಮನೆ ಮನೆ ತಿರುಗಿದ್ದು, ಅರೇಹಳ್ಳಿ, ಹುಲಿಕೆರೆ. ಅವರಿಗೆ ನೋವಾಗುತ್ತದೆ ಎಂದು ಅವರ ಮುಖ ನೋಡದೆ ಹೇಳಿದೆ. ಅವರು ತಮ್ಮ ಬಿಲ್ಲೆಯ ಮಾತೇ ಎತ್ತಲಿಲ್ಲ.

"ಆ ಹೆಂಗಸಿಗೆ ಅದು ಖೋಟಾ ಅಲ್ಲ ಅಂತ ಹೇಳಿದ್ಯಾ?" ಎಂದರು.

"ದೇವರದು ಅಂತ ಅತ್ತೆ ಹೇಳಿದ್ರು."

"ಅದಲ್ಲ ನಾನು ಕೇಳಿದ್ದು."

ನಾನು ಇಲ್ಲವೆಂದು ತಲೆಯಾಡಿಸಿದೆ.

"ಕಿಟಕಿ ಹತ್ರ ನಾನು ದಿನಾ ನೋಡಿದ್ದೀನಮ್ಮ" ಎಂದರು ಅವರು. "ದುಡ್ಡು ನಡೆಯಲ್ಲ ಅಂದ್ಬಿಟ್ಟರೆ ಮನುಷ್ಯರು ಹೇಗಾಗಿಬಿಡ್ತಾರೆ ಅಂತ. ಹಿಂದೆ ನಿಂತಿರೋರೆಲ್ಲ ನೋಡ್ತಿರ್ತಾರೆ. ಅದಕ್ಕೇ ನಾನು ಅಂಥಾ ಬಿಲ್ಲೆ ಬಂದರೆ ಏನೂ ಅನ್ನದೆ ಒಳಗೆ ತಗೊಂಡು ನನ್ನದು ಹಾಕ್ತಿದ್ದೆ. ಮೊದಮೊದಲು ಅಷ್ಟೇ ಇದ್ದದ್ದು. ಕೂಡಿಡೋ ಚಟ ಆಮೇಲೆ ಬಂತು."

ಇದನ್ನು ಅವರು ಅದಕ್ಕೆ ಮೊದಲು ನನಗೆ ಹೇಳಿರಲಿಲ್ಲ. ನಾನು ಅವರಿಂದ ಕಲಿತದ್ದು ಚಟ ಮಾತ್ರ.

ಅರೇಹಳ್ಳಿಯವರು ನಮ್ಮ ಅಂಗಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ಬದಲಿಗೆ ಇನ್ನೂ ಗೌರವದಿಂದ ಮಾತಾಡಿಸುತ್ತಿದ್ದರು. ಕೊಟ್ಟ ಚಿಲ್ಲರೆಯನ್ನು ಎಣಿಸದೆ ಗಂಟಿಗೆ ಹಾಕಿಕೊಳ್ಳುತ್ತಿದ್ದರು. ಅರಸೀಕೆರೆಯಿಂದ ಬಂದ ಮೇಲಿನ ಸಂತೆಯ ದಿನ ಅತ್ತೆ ಒಳಗಿದ್ದ ಹೊತ್ತು ನೋಡಿ ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಹರಕೆ ಸುಳ್ಳು, ಬಿಲ್ಲೆ ಖೋಟಾ ಅಲ್ಲ, ಸರ್ಕಾರದ್ದೇ, ಅಚ್ಚಿನಲ್ಲಿ ತಪ್ಪಾಗಿತ್ತು, ನಾನು ಶೋಕಿಗೆ ಇಟ್ಟುಕೊಂಡಿದ್ದೆ, ತಪ್ಪುಕಾಣಿಕೆ ಕೊಡಬೇಕಾಗಿದ್ದವಳು ನಾನು.

ಅವರು ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ಅಂಗಾರೆ ನಾನು ಕೊಟ್ಟ ಕಾಣಿಕೆ?"

"ಅದನ್ನ ದೇವರಿಗೇ ಹಾಕಿದ್ವಿ. ಮೆಣಸೂ ಕೂಡ. ಎಲ್ಲ ಬಿಲ್ಲೆಗಳನ್ನೂ ಹಾಕಿಬಿಟ್ಟೆ."

"ಹಾಕಿದ್ರೆ ಸರಿ ಬುಡಿ."

ನಾನು ಇನ್ನೂ ಏನೋ ಹೇಳಲು ಹೋದೆ. ಅವರು ಎದ್ದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಖೋಟಾ ಅಲ್ಲ ಅಂತ ನಂಗೆ ಹೇಳಿ ಏನ್ ಬಂತು ಅಕ್ಕಾವ್ರೆ? ನಾನು ಖೋಟಾ ಮಾಡ್ದೋಳಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಆ ಬಸ್ಸಲ್ಲಿದ್ದೋರಿಗೆ ಹೇಳ್ಬೇಕಿತ್ತು" ಎಂದರು.

ಆ ಬಸ್ಸಿನವರನ್ನು ನಾನು ಎಲ್ಲಿ ಹುಡುಕಲಿ. ತೋಟದವರಿಗಾದರೂ ಬಂದು ಹೇಳುತ್ತೇನೆ ಎಂದೆ. "ಬ್ಯಾಡ ಬುಡಿ. ಈಗ ಮರ್ತವ್ರೆ. ನೀವ್ ಬಂದ್ರೆ ಮತ್ತೆ ಶುರು ಮಾಡ್ಕೊಂತಾರೆ" ಎಂದರು.

ಅರೇಹಳ್ಳಿ ಬಸ್ಸು ನಿಲ್ದಾಣದಲ್ಲಿ ಹಾರನ್ ಹೊಡೆಯುತ್ತಿತ್ತು. ಬೇಳೆ, ಬೆಲ್ಲ, ಸೋಪು ತುಂಬಿದ ಚೀಲವನ್ನು ನಾನು ಎತ್ತಿಕೊಡಲು ಹೋದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ ತಾವೇ ತಲೆಯ ಮೇಲಿಟ್ಟುಕೊಂಡು ಹೊರಟರು. ಮುಂದಿನ ಸಂತೆಗೂ ಬಂದರು. ಆದರೆ ಅವತ್ತಿನಿಂದ ನಾನು ಕೊಟ್ಟ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿ, ಒಂದೊಂದನ್ನೂ ಎರಡು ಕಡೆ ತಿರುಗಿಸಿ ನೋಡಿಯೇ ತೆಗೆದುಕೊಳ್ಳುತ್ತಿದ್ದರು. ಅವರು ನೋಡಿ ಮುಗಿಸುವ ತನಕ ನಾನು ಮೇಜಿನ ಈಚೆ ನಿಂತಿರುತ್ತಿದ್ದೆ.